ಸ್ಟ್ರೇಂಜ್ ಫ್ರೂಟ್: ಮೌನವನ್ನು ಮುರಿದ ಮೂರು ನಿಮಿಷಗಳು

ಒಂದು ಹಾಡಿನ ಇತಿಹಾಸವೆಂದರೆ ಅದನ್ನು ಬರೆದವರು ಯಾರು, ರಾಗ ಹಾಕಿದವರು ಯಾರು, ಹಾಡಿ ಹೆಸರು ಮಾಡಿದವರು ಯಾರು ಎಂಬ ವಿವರಗಳಲ್ಲಿ ಮುಗಿದುಹೋಗುತ್ತದೆ ಎಂದು ನಾವು ಭಾವಿಸುತ್ತೇವೆ. ಹೆಚ್ಚಿನ ಹಾಡುಗಳ ಮಟ್ಟಿಗೆ ಇದು ನಿಜವೂ ಹೌದು. ಆದರೆ ಕೆಲವು ಹಾಡುಗಳ ಬೆನ್ನು ಹಿಡಿದು ಹೊರಟರೆ ಒಂದು ದೇಶ ತನ್ನ ಮನೆಯ ಹಿತ್ತಲಿನಲ್ಲಿ ಹೂತಿಟ್ಟದ್ದೆಲ್ಲ ಒಂದೊಂದಾಗಿ ಮೇಲೆ ಬರುತ್ತದೆ. ಅಮೆರಿಕದ ಗಾಯಕಿ ಬಿಲ್ಲಿ ಹಾಲಿಡೇ 1939ರಲ್ಲಿ ಹಾಡಿದ 'ಸ್ಟ್ರೇಂಜ್ ಫ್ರೂಟ್' ಅಂತಹ ಒಂದು ಹಾಡು. ಕನ್ನಡದಲ್ಲಿ ಅದನ್ನು 'ವಿಚಿತ್ರ ಫಲ' ಎನ್ನಬಹುದು. ಆ ಫಲ ಯಾವುದು ಎಂದು ತಿಳಿದ ಮೇಲೆ ಅದನ್ನು ಮರೆಯುವುದು ಸುಲಭವಲ್ಲ. ಅದು ಮರದ ಕೊಂಬೆಗೆ ನೇತುಹಾಕಲ್ಪಟ್ಟ ಕರಿಯ ಮನುಷ್ಯನ ಶವ.

ಜಾಝ್ ಎಂದರೆ ಕುಣಿತ, ಮೋಜು, ರಾತ್ರಿಯ ಕ್ಲಬ್ಬುಗಳು ಎಂಬ ಕಲ್ಪನೆ ನಮ್ಮಲ್ಲಿ ಅನೇಕರಿಗಿದೆ. ಅದರ ಬೇರು ಗುಲಾಮರ ಹೊಲದ ಹಾಡುಗಳಲ್ಲಿ, ಕರಿಯರ ಪ್ರಾರ್ಥನಾ ಗೀತೆಗಳಲ್ಲಿ, ಬ್ಲೂಸ್ ಎಂಬ ದುಃಖದ ಹಾಡುಗಳಲ್ಲಿ ಇದೆ ಎಂಬುದನ್ನು ಮರೆಯುತ್ತೇವೆ. ಜಾಝ್ ಕಲಾವಿದರು ತಲೆಮಾರುಗಳಿಂದ ಮತ್ತೆ ಮತ್ತೆ ನುಡಿಸುತ್ತ ಬಂದ, ಎಲ್ಲರಿಗೂ ಸಾಮಾನ್ಯ ಸೊತ್ತಾದ ರಚನೆಗಳನ್ನು 'ಸ್ಟ್ಯಾಂಡರ್ಡ್' ಎಂದು ಕರೆಯುತ್ತಾರೆ. ಅವುಗಳಲ್ಲಿ ಬಹುಪಾಲು ಪ್ರೇಮಗೀತೆಗಳು, ನಾಟಕ ಮತ್ತು ಸಿನಿಮಾಗಳಿಂದ ಬಂದವು. 'ಸ್ಟ್ರೇಂಜ್ ಫ್ರೂಟ್' ಆ ಪಟ್ಟಿಯಲ್ಲಿ ಸೇರಿದ್ದರೂ ಅದರೊಳಗೆ ಹೊಂದಿಕೊಳ್ಳದೆ ಒಂಟಿಯಾಗಿ ನಿಂತಿದೆ. ಅದು ಹುಟ್ಟಿದ್ದು ನಾಟಕಶಾಲೆಯಲ್ಲಿ ಅಲ್ಲ, ಒಬ್ಬ ಶಾಲಾ ಮಾಸ್ತರನ ಮೇಜಿನ ಮೇಲೆ.

ಒಂದು ಛಾಯಾಚಿತ್ರ

1930ರ ಆಗಸ್ಟ್ 7ರ ರಾತ್ರಿ. ಇಂಡಿಯಾನಾ ರಾಜ್ಯದ ಮ್ಯಾರಿಯನ್ ಎಂಬ ಪಟ್ಟಣ. ಒಬ್ಬ ಬಿಳಿಯ ಕಾರ್ಮಿಕನ ಕೊಲೆ ಮತ್ತು ಅವನ ಜೊತೆಗಿದ್ದ ಹೆಣ್ಣಿನ ಮೇಲೆ ಅತ್ಯಾಚಾರ ನಡೆಸಿದ ಆರೋಪದ ಮೇಲೆ ಮೂವರು ಕರಿಯ ಯುವಕರನ್ನು ಬಂಧಿಸಿ ಜೈಲಿನಲ್ಲಿಡಲಾಗಿತ್ತು. ವಿಚಾರಣೆ ಇನ್ನೂ ಆರಂಭವಾಗಿರಲಿಲ್ಲ. ಸಾವಿರಾರು ಮಂದಿ ಜೈಲಿನ ಮುಂದೆ ಜಮಾಯಿಸಿದರು. ಸುತ್ತಿಗೆಗಳಿಂದ ಬಾಗಿಲು ಒಡೆದು ಒಳನುಗ್ಗಿದರು. ಥಾಮಸ್ ಶಿಪ್ ಮತ್ತು ಅಬ್ರಾಮ್ ಸ್ಮಿತ್ ಎಂಬ ಇಬ್ಬರನ್ನು ಹೊರಗೆಳೆದು, ಬಡಿದು, ನ್ಯಾಯಾಲಯದ ಚೌಕದಲ್ಲಿದ್ದ ಮರಕ್ಕೆ ನೇತುಹಾಕಿದರು. ನ್ಯಾಯಾಲಯದ ಕಟ್ಟಡದ ಎದುರಿಗೇ ಇದು ನಡೆಯಿತು ಎಂಬುದನ್ನು ಗಮನಿಸಬೇಕು. ಮೂರನೆಯವನು ಹದಿನಾರು ವರ್ಷದ ಜೇಮ್ಸ್ ಕ್ಯಾಮರೂನ್. ಅವನ ಕೊರಳಿಗೂ ಹಗ್ಗ ಬಿದ್ದಿತ್ತು. ಈ ಹುಡುಗನಿಗೂ ಕೊಲೆಗೂ ಸಂಬಂಧವಿಲ್ಲ ಎಂದು ಗುಂಪಿನ ನಡುವಿನಿಂದ ಒಂದು ದನಿ ಕೇಳಿಬಂತು, ಜನ ಅವನನ್ನು ಬಿಟ್ಟರು ಎಂದು ಕ್ಯಾಮರೂನ್ ಮುಂದೆ ಬದುಕಿನುದ್ದಕ್ಕೂ ಹೇಳುತ್ತಿದ್ದರು. ಅತ್ಯಾಚಾರ ನಡೆದಿರಲಿಲ್ಲ ಎಂದು ಆ ಹೆಣ್ಣೇ ಆಮೇಲೆ ಸಾಕ್ಷಿ ಹೇಳಿದಳು.

ಆ ರಾತ್ರಿ ಲಾರೆನ್ಸ್ ಬೈಟ್ಲರ್ ಎಂಬ ಸ್ಥಳೀಯ ಛಾಯಾಗ್ರಾಹಕ ತನ್ನ ಕ್ಯಾಮೆರಾ ತಂದು ಒಂದು ಚಿತ್ರ ತೆಗೆದ. ಮೇಲೆ ಎರಡು ಶವಗಳು ತೂಗುತ್ತಿವೆ. ಕೆಳಗೆ ಜನ ನಿಂತಿದ್ದಾರೆ. ಚಿತ್ರವನ್ನು ನೋಡುವವರ ಎದೆ ನಡುಗುವುದು ಶವಗಳನ್ನು ಕಂಡಲ್ಲ, ಕೆಳಗಿರುವ ಮುಖಗಳನ್ನು ಕಂಡು. ಅಲ್ಲಿ ಯಾರೂ ಮುಖ ಮುಚ್ಚಿಕೊಂಡಿಲ್ಲ. ಚೆನ್ನಾಗಿ ಬಟ್ಟೆ ತೊಟ್ಟ ಗಂಡಸರು, ಹೆಂಗಸರು, ಜಾತ್ರೆಗೆ ಬಂದ ಜೋಡಿಗಳಂತೆ ಕ್ಯಾಮೆರಾದತ್ತ ನೋಡುತ್ತಿದ್ದಾರೆ. ಒಬ್ಬ ಬೆರಳೆತ್ತಿ ಶವದತ್ತ ತೋರಿಸುತ್ತಿದ್ದಾನೆ. ಬೈಟ್ಲರ್ ಈ ಚಿತ್ರದ ಸಾವಿರಾರು ಪ್ರತಿಗಳನ್ನು ಅಚ್ಚು ಹಾಕಿ, ತಲಾ ಐವತ್ತು ಸೆಂಟಿಗೆ ಮಾರಿದ. ಜನ ಅದನ್ನು ನೆನಪಿನ ಕಾಣಿಕೆಯಾಗಿ ಕೊಂಡರು. ಚಿತ್ರದಲ್ಲಿ ಇಷ್ಟೊಂದು ಮುಖಗಳಿದ್ದರೂ ಆ ಕೊಲೆಗಳಿಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ವಿಚಾರಣೆಗೆ ಒಳಗಾದ ಇಬ್ಬರನ್ನೂ ಬಿಳಿಯರೇ ತುಂಬಿದ್ದ ಜ್ಯೂರಿಗಳು ಬಿಡುಗಡೆ ಮಾಡಿದವು. ಬದುಕುಳಿದ ಕ್ಯಾಮರೂನನಿಗೆ ಮಾತ್ರ ಜೈಲಾಯಿತು!

ಇದು ಒಂಟಿ ಘಟನೆಯಲ್ಲ. ಟಸ್ಕೀಗೀ ಸಂಸ್ಥೆ ಇಟ್ಟ ಲೆಕ್ಕದ ಪ್ರಕಾರ 1882ರಿಂದ 1968ರವರೆಗೆ ಅಮೆರಿಕದಲ್ಲಿ 4,743 ಮಂದಿ ಲಿಂಚಿಂಗ್‌ಗೆ ಬಲಿಯಾದರು. ಅವರಲ್ಲಿ 3,446 ಮಂದಿ ಕರಿಯರು. ಇವು ದಾಖಲಾದ ಸಂಖ್ಯೆಗಳು ಮಾತ್ರ. ಆರೋಪಗಳೋ, ಕೊಲೆ ಮತ್ತು ಅತ್ಯಾಚಾರದಿಂದ ಹಿಡಿದು ಬಿಳಿಯನಿಗೆ ಎದುರು ಮಾತನಾಡಿದ್ದು, ಕೂಲಿ ಕೇಳಿದ್ದು, ಮತ ಹಾಕಲು ಹೋದದ್ದು ಇತ್ಯಾದಿ. 1892ರಲ್ಲಿ ಮೆಂಫಿಸ್ ನಗರದಲ್ಲಿ ಮೂವರು ಕರಿಯರನ್ನು ಕೊಂದದ್ದಕ್ಕೆ ಮೂಲ ಕಾರಣ ಅವರು ನಡೆಸುತ್ತಿದ್ದ ದಿನಸಿ ಅಂಗಡಿ ಬಿಳಿಯನ ಅಂಗಡಿಗೆ ಪೈಪೋಟಿಯಾದದ್ದು. ಕೊಲೆಯಾದವರಲ್ಲೊಬ್ಬರ ಗೆಳತಿಯಾಗಿದ್ದ ಪತ್ರಕರ್ತೆ ಐಡಾ ಬಿ. ವೆಲ್ಸ್ ಇದನ್ನು ಬಯಲಿಗೆಳೆದರು. ಹೆಣ್ಣಿನ ಮಾನರಕ್ಷಣೆ ಎಂಬುದು ಲಿಂಚಿಂಗ್‌ಗೆ ಹೇಳುವ ನೆಪ, ಅದರ ನಿಜವಾದ ಉದ್ದೇಶ ತಲೆಯೆತ್ತುವ ಕರಿಯನನ್ನು ತುಳಿಯುವುದು ಎಂದು ಅವರು ಅಂಕಿ ಅಂಶಗಳ ಸಮೇತ ತೋರಿಸಿದರು. ಇದಕ್ಕೆ ಉತ್ತರವಾಗಿ ಅವರ ಪತ್ರಿಕಾ ಕಚೇರಿಯನ್ನು ಧ್ವಂಸ ಮಾಡಲಾಯಿತು.

ಮಾಸ್ತರನ ಕವಿತೆ

ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದಲ್ಲಿ ಡಿವಿಟ್ ಕ್ಲಿಂಟನ್ ಹೈಸ್ಕೂಲ್ ಇದೆ. ಅಲ್ಲಿ ಏಬಲ್ ಮೀರೊಪೋಲ್ ಎಂಬ ಇಂಗ್ಲಿಷ್ ಅಧ್ಯಾಪಕರಿದ್ದರು. 1903ರಲ್ಲಿ ಹುಟ್ಟಿದ ಅವರು ರಷ್ಯಾದಿಂದ ವಲಸೆ ಬಂದ ಯಹೂದಿ ದಂಪತಿಯ ಮಗ. ಎಡಪಂಥೀಯ ಒಲವು, ಅಧ್ಯಾಪಕರ ಸಂಘದ ಕೆಲಸ, ಬಿಡುವಿನಲ್ಲಿ ಕವಿತೆ ಮತ್ತು ಹಾಡುಗಳ ರಚನೆ ಅವರ ಬದುಕಾಗಿತ್ತು. 'ಲೂಯಿಸ್ ಆ್ಯಲನ್' ಎಂಬ ಕಾವ್ಯನಾಮದಲ್ಲಿ ಬರೆಯುತ್ತಿದ್ದರು. ಅದು ಹುಟ್ಟುವಾಗಲೇ ತೀರಿಕೊಂಡ ಅವರ ಇಬ್ಬರು ಮಕ್ಕಳಿಗೆ ಇಟ್ಟ ಹೆಸರು.

ಒಂದು ದಿನ ಲಿಂಚಿಂಗ್‌ನ ಛಾಯಾಚಿತ್ರವೊಂದು ಅವರ ಕಣ್ಣಿಗೆ ಬಿತ್ತು. ಆ ಚಿತ್ರ ಹಲವು ದಿನ ತನ್ನನ್ನು ಕಾಡಿತು ಎಂದು ಅವರು ಮುಂದೆ ಹೇಳಿದ್ದಾರೆ. ಅದು ಮ್ಯಾರಿಯನ್ನಿನ ಚಿತ್ರವೇ ಎಂದು ಈ ಹಾಡಿನ ಬಗ್ಗೆ ಬರೆದವರು ಸಾಮಾನ್ಯವಾಗಿ ಹೇಳುತ್ತಾರೆ. ಆ ಕಾಡುವಿಕೆಯಿಂದ ಹನ್ನೆರಡು ಸಾಲಿನ ಒಂದು ಕವಿತೆ ಹುಟ್ಟಿತು. 1937ರ ಜನವರಿಯಲ್ಲಿ ಅಧ್ಯಾಪಕರ ಸಂಘದ ಪತ್ರಿಕೆಯಾದ 'ದಿ ನ್ಯೂಯಾರ್ಕ್ ಟೀಚರ್'ನಲ್ಲಿ ಅದು ಅಚ್ಚಾಯಿತು. ಆಗ ಅದರ ಹೆಸರು 'ಬಿಟರ್ ಫ್ರೂಟ್', ಅಂದರೆ ಕಹಿ ಫಲ. ಆಮೇಲೆ ಮೀರೊಪೋಲ್ ತಾವೇ ಅದಕ್ಕೆ ರಾಗ ಹಾಕಿದರು. ಅವರ ಪತ್ನಿ ಆ್ಯನ್ ಅದನ್ನು ಸಭೆಗಳಲ್ಲಿ ಹಾಡುತ್ತಿದ್ದರು. ಲಾರಾ ಡಂಕನ್ ಎಂಬ ಕರಿಯ ಗಾಯಕಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಾಡಿದರು. ಕಹಿ ಫಲ ಹಾಡಾಗುವ ಹೊತ್ತಿಗೆ ವಿಚಿತ್ರ ಫಲವಾಗಿತ್ತು.

ಈ ಹೆಸರಿನ ಬದಲಾವಣೆ ಸಣ್ಣದಲ್ಲ. ಕಹಿ ಎನ್ನುವುದು ಕವಿಯ ತೀರ್ಪು. ವಿಚಿತ್ರ ಎನ್ನುವುದು ನೋಡುವವನ ಅಚ್ಚರಿ. ಇಡೀ ಹಾಡು ಕಟ್ಟಿರುವುದು ಈ ರೀತಿಯಲ್ಲೇ. ಅಲ್ಲಿ ಯಾರನ್ನೂ ಬೈಯುವುದಿಲ್ಲ, ಯಾರಿಗೂ ಉಪದೇಶ ಹೇಳುವುದಿಲ್ಲ. ಕೊಲೆಗಾರರ ಹೆಸರಿಲ್ಲ, 'ಲಿಂಚಿಂಗ್' ಎಂಬ ಪದವೂ ಇಲ್ಲ. ಅಮೆರಿಕದ ದಕ್ಷಿಣದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಅವರ ನಾಡಿನ ಚೆಲುವು, ಹೂವಿನ ಪರಿಮಳ ಒಂದು ಸಾಲಿನಲ್ಲಿ ಬಂದರೆ, ಮರುಸಾಲಿನಲ್ಲೇ ಆ ಚೆಲುವಿನ ನಡುವೆ ತೂಗುವ ದೇಹ ಬರುತ್ತದೆ. ಕೇಳುಗ ಹಣ್ಣಿನ ಮರವೊಂದನ್ನು ಕಲ್ಪಿಸಿಕೊಂಡು ಒಳಗೆ ಹೆಜ್ಜೆ ಇಡುತ್ತಾನೆ, ಅಷ್ಟರಲ್ಲಿ ಹಿಂದಿನಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ.

ಇಲ್ಲಿ ಒಂದು ವ್ಯಂಗ್ಯವೂ ಇದೆ. ಹಾಡು ದಕ್ಷಿಣದ ಮರಗಳ ಬಗ್ಗೆ ಹೇಳುತ್ತದೆ. ಮ್ಯಾರಿಯನ್ ಇರುವುದು ದಕ್ಷಿಣದಲ್ಲಲ್ಲ. ಅಂತರ್ಯುದ್ಧದಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡಿದ ಉತ್ತರದ ರಾಜ್ಯವಾದ ಇಂಡಿಯಾನಾದಲ್ಲಿ. ಈ ಪಾಪ ದೂರದ ಯಾವುದೋ ಹಿಂದುಳಿದ ಸೀಮೆಯದು, ನಮ್ಮ ಊರಿನದಲ್ಲ ಎಂದು ನೆಮ್ಮದಿಯಿಂದಿದ್ದ ಉತ್ತರದವರ ಮಾತು ಪೊಳ್ಳು ಎಂಬುದಕ್ಕೆ ಆ ಒಂದು ಛಾಯಾಚಿತ್ರ ಸಾಕು.

ಕೆಫೆಯ ಕತ್ತಲು

1938ರ ಡಿಸೆಂಬರಿನಲ್ಲಿ ಬಾರ್ನಿ ಜೋಸೆಫ್ಸನ್ ಎಂಬ ಮಾಜಿ ಪಾದರಕ್ಷೆ ವ್ಯಾಪಾರಿ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿ 'ಕೆಫೆ ಸೊಸೈಟಿ' ಎಂಬ ಕ್ಲಬ್ ತೆರೆದರು. ಆ ಕಾಲದಲ್ಲಿ ಹಾರ್ಲೆಮ್‌ನಂಥ ಕರಿಯರ ಬಡಾವಣೆಯಲ್ಲೇ ಇದ್ದ ಹೆಸರಾಂತ ಕ್ಲಬ್ಬಿನಲ್ಲೂ ವೇದಿಕೆಯ ಮೇಲೆ ಕರಿಯರು, ಕುರ್ಚಿಗಳಲ್ಲಿ ಬಿಳಿಯರು ಎಂಬ ಕಟ್ಟಳೆ ಇತ್ತು. ಜೋಸೆಫ್ಸನ್ ಇದನ್ನು ಮುರಿದರು. ಅವರ ಕ್ಲಬ್ಬಿನಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ನುಡಿಸಿದರು, ಒಟ್ಟಿಗೆ ಕುಳಿತು ಕೇಳಿದರು. ಅಲ್ಲಿನ ಮೊದಲ ಗಾಯಕಿಯಾಗಿ ಬಂದವರು ಇಪ್ಪತ್ತಮೂರು ವರ್ಷದ ಬಿಲ್ಲಿ ಹಾಲಿಡೇ.

1915ರಲ್ಲಿ ಹುಟ್ಟಿದ ಬಿಲ್ಲಿ ಬೆಳೆದದ್ದು ಬಾಲ್ಟಿಮೋರಿನ ಬಡತನದಲ್ಲಿ. ಒಂಬತ್ತು ಹತ್ತು ವರ್ಷದ ಪ್ರಾಯಕ್ಕೇ ಸುಧಾರಣಾ ಗೃಹ ಕಂಡವರು. ಸಂಗೀತ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಂಠದ ವ್ಯಾಪ್ತಿ ದೊಡ್ಡದಲ್ಲ, ಆದರೆ ಒಂದೊಂದು ಪದವನ್ನೂ ತಾಳಕ್ಕಿಂತ ತುಸು ತಡವಾಗಿ, ಆಡುವ ಮಾತಿನಂತೆ ನುಡಿಯುವ ಅವರ ರೀತಿ ಜಾಝ್ ಗಾಯನವನ್ನೇ ಬದಲಿಸಿತು. 1938ರಲ್ಲಿ ಅವರು ಆರ್ಟಿ ಶಾ ಎಂಬ ಬಿಳಿಯ ಸಂಗೀತಗಾರನ ತಂಡದಲ್ಲಿ ಹಾಡುತ್ತಿದ್ದರು. ನ್ಯೂಯಾರ್ಕಿನ ಹೋಟೆಲೊಂದರಲ್ಲಿ ತಂಡದ ಬಿಳಿಯರೆಲ್ಲ ಮುಂಬಾಗಿಲಿನಿಂದ ಹೋದರೆ, ಬಿಲ್ಲಿಗೆ ಸಾಮಾನು ಸಾಗಿಸುವ ಲಿಫ್ಟ್ ಬಳಸಲು ಹೇಳಲಾಯಿತು. ಅವರು ಆ ತಂಡವನ್ನೇ ಬಿಟ್ಟರು.

ಮೀರೊಪೋಲ್ ತಮ್ಮ ಹಾಡನ್ನು ಕೆಫೆ ಸೊಸೈಟಿಗೆ ತಂದು ಬಿಲ್ಲಿಗೆ ಕೇಳಿಸಿದ್ದು 1939ರ ಆರಂಭದಲ್ಲಿ. ಆ ಹಾಡಿನ ಅರ್ಥ ಆಕೆಗೆ ಮೊದಲು ಆಗಿರಲೇ ಇಲ್ಲ ಎಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ನಮಗೆ ಇದು ಒಪ್ಪತಕ್ಕ ಮಾತಾಗಿ ಕಾಣುವುದಿಲ್ಲ. ಗಿಟಾರ್ ವಾದಕರಾಗಿದ್ದ ಅವರ ತಂದೆ ಕ್ಲಾರೆನ್ಸ್ ಹಾಲಿಡೇ ಎರಡು ವರ್ಷ ಹಿಂದೆಯಷ್ಟೇ, 1937ರಲ್ಲಿ, ಟೆಕ್ಸಾಸಿನ ಡಲ್ಲಾಸ್‌ನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಿದ್ದರು. ಕರಿಯನೆಂಬ ಕಾರಣಕ್ಕೆ ಆಸ್ಪತ್ರೆಗಳು ಸೇರಿಸಿಕೊಳ್ಳದೆ ಚಿಕಿತ್ಸೆ ತಡವಾಯಿತು, ಅದೇ ತಂದೆಯನ್ನು ಕೊಂದಿತು ಎಂದು ಬಿಲ್ಲಿ ನಂಬಿದ್ದರು. ಈ ಹಾಡು ತನಗೆ ತಂದೆಯ ಸಾವನ್ನು ನೆನಪಿಸುತ್ತದೆ ಎಂದು ಅವರೇ ಹೇಳಿದ್ದಾರೆ. ಲಿಂಚಿಂಗ್ ಎಂದರೇನೆಂದು ಅಮೆರಿಕದ ಕರಿಯ ಹೆಣ್ಣುಮಗಳೊಬ್ಬಳಿಗೆ ಇನ್ನೊಬ್ಬರು ಕಲಿಸಬೇಕಾಗಿತ್ತೇ?

ಹಾಡನ್ನು ಹೇಗೆ ಹಾಡಬೇಕೆಂಬುದಕ್ಕೆ ಜೋಸೆಫ್ಸನ್ ಕೆಲವು ನಿಯಮಗಳನ್ನು ಮಾಡಿದರು. ಅದು ರಾತ್ರಿಯ ಕೊನೆಯ ಹಾಡಾಗಿರಬೇಕು. ಅದು ಆರಂಭವಾಗುವ ಮುನ್ನ ಮಾಣಿಗಳು ಸರಬರಾಜು ನಿಲ್ಲಿಸಬೇಕು. ದೀಪಗಳೆಲ್ಲ ಆರಬೇಕು, ಗಾಯಕಿಯ ಮುಖದ ಮೇಲೆ ಮಾತ್ರ ಒಂದು ಬೆಳಕು. ಹಾಡು ಮುಗಿದೊಡನೆ ಅದೂ ಆರಬೇಕು. ದೀಪ ಮತ್ತೆ ಹತ್ತಿದಾಗ ಗಾಯಕಿ ಅಲ್ಲಿರಬಾರದು. ಎಷ್ಟೇ ಚಪ್ಪಾಳೆ ಬಿದ್ದರೂ ಬಂದು ವಂದಿಸುವಂತಿಲ್ಲ. ಮೊದಲ ಬಾರಿ ಹಾಡಿ ಮುಗಿಸಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ, ಬಳಿಕ ಯಾರೋ ಒಬ್ಬರು ಅಳುಕುತ್ತ ತಟ್ಟಿದರು, ಆಮೇಲೆ ಎಲ್ಲರೂ ಸೇರಿಕೊಂಡರು ಎಂದು ಬಿಲ್ಲಿ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ.

ಈ ನಿಯಮಗಳನ್ನು ಕೇವಲ ನಾಟಕೀಯತೆ ಎಂದು ತಳ್ಳಿಹಾಕುವಂತಿಲ್ಲ. ಲಿಂಚಿಂಗ್ ನಡೆಯುತ್ತಿದ್ದದ್ದು ಪ್ರೇಕ್ಷಕರಿಂದ. ಹಗ್ಗ ಎಳೆದವರು ಹತ್ತಾರು ಮಂದಿಯಾದರೆ ನೋಡಲು ನಿಂತವರು ಸಾವಿರಾರು. ಅವರು ನಿಂತದ್ದರಿಂದಲೇ ಹಗ್ಗ ಎಳೆದವರಿಗೆ ಧೈರ್ಯ ಬಂತು. ಅಲ್ಲಿ ನೋಡುವುದೇ ಪಾಲುದಾರಿಕೆಯಾಗಿತ್ತು, ಚಿತ್ರ ಕೊಂಡು ಮನೆಗೆ ಒಯ್ಯುವುದು ಅದರ ಮುಂದುವರಿಕೆ. ಕೆಫೆ ಸೊಸೈಟಿಯಲ್ಲೂ ಇದ್ದವರು ಪ್ರೇಕ್ಷಕರೇ, ಕುಡಿದು ತಿಂದು ನಲಿಯಲು ಬಂದವರೇ. ಆದರೆ ಅವರ ಕೈಯ ಲೋಟ ಕೆಳಗಿಡಿಸಿ, ಕತ್ತಲಲ್ಲಿ ಕೂರಿಸಿ, ಅದೇ ದೃಶ್ಯವನ್ನು ಸತ್ತವನ ಕಡೆಯಿಂದ ತೋರಿಸಲಾಯಿತು. ಪ್ರೇಕ್ಷಕರು ಸಾಕ್ಷಿಗಳಾದರು. ಈ ಹಾಡು ಮಾಡಿದ ದೊಡ್ಡ ಕೆಲಸ ಇದೇ ಎಂದು ನಮಗೆ ತೋರುತ್ತದೆ.

ಧ್ವನಿಮುದ್ರಣ

ಬಿಲ್ಲಿ ಆಗ ಕೊಲಂಬಿಯಾ ಕಂಪನಿಯ ಜೊತೆ ಒಪ್ಪಂದದಲ್ಲಿದ್ದರು. ದಕ್ಷಿಣದ ಅಂಗಡಿಕಾರರು ಮುನಿದಾರೆಂಬ ಭಯದಿಂದ ಕಂಪನಿ ಈ ಹಾಡನ್ನು ಮುದ್ರಿಸಲು ಒಪ್ಪಲಿಲ್ಲ. ಬಿಲ್ಲಿಯ ಪ್ರತಿಭೆಯನ್ನು ಮೊದಲು ಗುರುತಿಸಿದ ನಿರ್ಮಾಪಕ ಜಾನ್ ಹ್ಯಾಮಂಡ್ ಅವರಿಗೂ ಇದು ರುಚಿಸಿರಲಿಲ್ಲ. ಆಗ ನೆರವಿಗೆ ಬಂದವರು ಮಿಲ್ಟ್ ಗೇಬ್ಲರ್. ಮ್ಯಾನ್‌ಹಟನ್ನಿನಲ್ಲಿ ಗ್ರಾಮಫೋನ್ ತಟ್ಟೆಗಳ ಅಂಗಡಿಯಿಟ್ಟುಕೊಂಡು, 'ಕಮೊಡೋರ್' ಎಂಬ ಸಣ್ಣ ಕಂಪನಿ ನಡೆಸುತ್ತಿದ್ದವರು. ಕೊಲಂಬಿಯಾದಿಂದ ಒಂದು ಬಾರಿಯ ವಿನಾಯಿತಿ ಪಡೆದು, 1939ರ ಏಪ್ರಿಲ್ 20ರಂದು ಬಿಲ್ಲಿ ಕಮೊಡೋರ್‌ಗೆ ಈ ಹಾಡನ್ನು ಹಾಡಿದರು. ಫ್ರ್ಯಾಂಕಿ ನ್ಯೂಟನ್ ತಂಡದ ವಾದ್ಯಗಳ ಹಿನ್ನೆಲೆ, ಸನ್ನಿ ವೈಟ್ ಅವರ ಪಿಯಾನೊ. ಹಾಡು ತಟ್ಟೆಯ ಒಂದು ಮಗ್ಗುಲಿಗೆ ಸಾಲದಷ್ಟು ಚಿಕ್ಕದಾಯಿತೆಂದು ಆರಂಭದಲ್ಲಿ ವಾದ್ಯಗಳ ಪೀಠಿಕೆ ಸೇರಿಸಲಾಯಿತು. ಹೀಗಾಗಿ ಮೂರು ನಿಮಿಷದ ಮುದ್ರಣದಲ್ಲಿ ಒಂದು ನಿಮಿಷಕ್ಕೂ ಹೆಚ್ಚು ಕಾಲ ಬಿಲ್ಲಿಯ ದನಿ ಕೇಳುವುದೇ ಇಲ್ಲ. ಅನುಕೂಲಕ್ಕೆ ಮಾಡಿದ ಈ ಏರ್ಪಾಡು ಹಾಡಿಗೆ ವರವಾಯಿತು. ಶವಯಾತ್ರೆಯ ಮುಂದೆ ನಡೆಯುವ ವಾದ್ಯದಂತೆ ತುತ್ತೂರಿಯೂ ಪಿಯಾನೊವೂ ಕೇಳುಗನನ್ನು ಅಣಿಗೊಳಿಸುತ್ತವೆ. ಆಮೇಲೆ ಬರುವ ದನಿಯಲ್ಲಿ ಅಳುವಿಲ್ಲ, ಆರ್ಭಟವಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುವ ದನಿ ಅದು. ಕಟ್ಟಕಡೆಯ ಪದದಲ್ಲಿ ಮಾತ್ರ ಅದು ಮೇಲೇರಿ, ಇಳಿಯಲು ಜಾಗವಿಲ್ಲದೆ ಅಲ್ಲೇ ನಿಂತುಬಿಡುತ್ತದೆ.

ಅನೇಕ ರೇಡಿಯೊ ಕೇಂದ್ರಗಳು ಈ ಹಾಡನ್ನು ಹತ್ತಿರ ಸೇರಿಸಲಿಲ್ಲ. ಆದರೂ ತಟ್ಟೆ ಚೆನ್ನಾಗಿ ಮಾರಾಟವಾಯಿತು. ಅದರ ಇನ್ನೊಂದು ಮಗ್ಗುಲಲ್ಲಿದ್ದ 'ಫೈನ್ ಆ್ಯಂಡ್ ಮೆಲೊ' ಎಂಬ ಬ್ಲೂಸ್ ಹಾಡಿನ ಜನಪ್ರಿಯತೆಯೂ ಇದಕ್ಕೆ ನೆರವಾಯಿತು. 'ಟೈಮ್' ವಾರಪತ್ರಿಕೆ ಆಗ ಇದನ್ನು ಕರಿಯರ ಹಕ್ಕುಗಳ ಸಂಘಟನೆಯ ಪ್ರಚಾರ ಸಾಮಗ್ರಿ ಎಂಬ ಧಾಟಿಯಲ್ಲಿ ಬರೆಯಿತು. ನ್ಯೂಯಾರ್ಕ್ ಪೋಸ್ಟ್‌ನ ಅಂಕಣಕಾರ ಸ್ಯಾಮ್ಯುಯೆಲ್ ಗ್ರಾಫ್ಟನ್ ಮಾತ್ರ, ದಕ್ಷಿಣದ ಶೋಷಿತರು ಎಂದಾದರೂ ಸಿಡಿದೆದ್ದರೆ ಅವರಿಗೊಂದು ಕ್ರಾಂತಿಗೀತೆ ಈಗಾಗಲೇ ಸಿದ್ಧವಾಗಿದೆ ಎಂದು ಫ್ರಾನ್ಸಿನ ರಾಷ್ಟ್ರಗೀತೆಯ ಜೊತೆ ಇದನ್ನು ಹೋಲಿಸಿದರು.

ಆ ದಿನಗಳಲ್ಲಿ ಈ ಹಾಡನ್ನು ಕೇಳಿ ಬೆಳೆದವರಲ್ಲಿ ವಾಷಿಂಗ್ಟನ್ನಿನಲ್ಲಿದ್ದ ಟರ್ಕಿಯ ರಾಯಭಾರಿ ಮುನೀರ್ ಎರ್ತೆಗುನ್ ಅವರ ಮಕ್ಕಳೂ ಇದ್ದರು. ಅಹ್ಮತ್ ಮತ್ತು ನೆಸುಹಿ ಎಂಬ ಈ ಸಹೋದರರು ಕರಿಯ ಸಂಗೀತಗಾರರನ್ನು ರಾಯಭಾರಿಯ ಮನೆಗೆ ಕರೆಸಿ, ಊಟ ಹಾಕಿ, ಒಟ್ಟಿಗೆ ಕೂತು ಸಂಗೀತ ಕೇಳುತ್ತಿದ್ದರು. ರಾಜಧಾನಿಯಲ್ಲಿ ಕರಿಯರೂ ಬಿಳಿಯರೂ ಒಂದೆಡೆ ಕೂರಲು ಜಾಗವೇ ಇಲ್ಲದ ಕಾಲ ಅದು. ಕರಿಯನೊಬ್ಬ ನಿಮ್ಮ ಮುಂಬಾಗಿಲಿನಿಂದ ಒಳಹೋದದ್ದನ್ನು ಕಂಡೆವು ಎಂದು ದಕ್ಷಿಣದ ಸೆನೆಟರ್ ಒಬ್ಬರು ಆಕ್ಷೇಪಿಸಿ ಬರೆದಾಗ, ನಮ್ಮ ಮನೆಗೆ ಗೆಳೆಯರು ಮುಂಬಾಗಿಲಿನಿಂದಲೇ ಬರುತ್ತಾರೆ, ತಾವು ಬರುವುದಾದರೆ ಹಿಂಬಾಗಿಲಿನ ವ್ಯವಸ್ಥೆ ಮಾಡಬಹುದು ಎಂದು ತಂದೆ ಉತ್ತರಿಸಿದರೆಂದು ಅಹ್ಮತ್ ಹೇಳುತ್ತಿದ್ದರು. ಮುಂದೆ 1947ರಲ್ಲಿ ಅಟ್ಲಾಂಟಿಕ್ ರೆಕಾರ್ಡ್ಸ್ ಸ್ಥಾಪಿಸಿದ ಇದೇ ಅಹ್ಮತ್ ಎರ್ತೆಗುನ್, 'ಸ್ಟ್ರೇಂಜ್ ಫ್ರೂಟ್' ಒಂದು ಯುದ್ಧ ಘೋಷಣೆ, ನಾಗರಿಕ ಹಕ್ಕುಗಳ ಚಳವಳಿ ಅಲ್ಲಿಂದಲೇ ಶುರುವಾಯಿತು ಎಂಬರ್ಥದ ಮಾತು ಹೇಳಿದ್ದಾರೆ.

ತೆತ್ತ ಬೆಲೆ

ಇಂತಹ ಹಾಡಿಗೆ ಬೆಲೆ ತೆರದೆ ಇರಲಾಗಲಿಲ್ಲ. ಶಾಲೆಗಳಲ್ಲಿ ಕಮ್ಯುನಿಸ್ಟರನ್ನು ಹುಡುಕಲು ನ್ಯೂಯಾರ್ಕ್ ರಾಜ್ಯ ನೇಮಿಸಿದ್ದ ಸಮಿತಿ ಮೀರೊಪೋಲ್ ಅವರನ್ನು ಕರೆಸಿಕೊಂಡಿತು. ಈ ಹಾಡು ಬರೆಯಲು ಕಮ್ಯುನಿಸ್ಟ್ ಪಕ್ಷ ಹಣ ಕೊಟ್ಟಿತೇ ಎಂದು ಕೇಳಿತು. ಹಣ ಪಡೆಯದೆ ಒಬ್ಬ ಬಿಳಿಯ ಕರಿಯನ ಸಾವಿಗೆ ಮರುಗಬಲ್ಲ ಎಂಬುದು ಆ ಸಮಿತಿಗೆ ಹೊಳೆಯಲೇ ಇಲ್ಲ. ಮುಂದೆ ಅವರು ಅಧ್ಯಾಪನ ಬಿಟ್ಟು ಬರವಣಿಗೆಯನ್ನೇ ನೆಚ್ಚಿಕೊಂಡರು. 1953ರಲ್ಲಿ ಸೋವಿಯತ್ ಪರ ಬೇಹುಗಾರಿಕೆಯ ಆರೋಪದ ಮೇಲೆ ಜೂಲಿಯಸ್ ಮತ್ತು ಎಥೆಲ್ ರೋಸೆನ್‌ಬರ್ಗ್ ದಂಪತಿಗೆ ಮರಣದಂಡನೆಯಾದಾಗ ಅವರ ಇಬ್ಬರು ಪುಟ್ಟ ಗಂಡುಮಕ್ಕಳು ಅನಾಥರಾದರು. ಸರಕಾರದ ಕಣ್ಣು ಬಿದ್ದೀತೆಂದು ಹೆದರಿ ಹಲವರು ಹಿಂದೆ ಸರಿದಾಗ ಆ ಮಕ್ಕಳನ್ನು ದತ್ತು ಪಡೆದು ಸಾಕಿದವರು ಏಬಲ್ ಮತ್ತು ಆ್ಯನ್ ಮೀರೊಪೋಲ್. ಇಬ್ಬರು ಮಕ್ಕಳನ್ನು ಕಳೆದುಕೊಂಡು ಅವರ ಹೆಸರನ್ನು ಕಾವ್ಯನಾಮವಾಗಿ ಹೊತ್ತ ತಂದೆಗೆ ಹೀಗೆ ಮತ್ತೆ ಇಬ್ಬರು ಮಕ್ಕಳು ಸಿಕ್ಕಿದರು. ಅವರು ತೀರಿಕೊಂಡದ್ದು 1986ರಲ್ಲಿ.

ಬಿಲ್ಲಿಯ ಬದುಕು ಬೇರೆ ರೀತಿ ಸಾಗಿತು. ಹೆರಾಯಿನ್ ಚಟ ಅವರನ್ನು ಹಿಡಿದಿತ್ತು. ಹ್ಯಾರಿ ಆ್ಯನ್‌ಸ್ಲಿಂಗರ್ ನೇತೃತ್ವದ ಮಾದಕ ವಸ್ತು ನಿಗ್ರಹ ಇಲಾಖೆ ಅವರ ಬೆನ್ನು ಬಿತ್ತು. 1947ರಲ್ಲಿ ಬಂಧನವಾಗಿ ಪಶ್ಚಿಮ ವರ್ಜೀನಿಯಾದ ಜೈಲಿಗೆ ಹೋದರು. 1948ರಲ್ಲಿ ಹೊರಬಂದು ಕಾರ್ನೆಗಿ ಹಾಲ್‌ನಲ್ಲಿ ಹಾಡಿದಾಗ ಸಭಾಂಗಣ ಕಿಕ್ಕಿರಿದಿತ್ತು. ಆದರೆ ಮದ್ಯ ಮಾರುವ ಕ್ಲಬ್ಬುಗಳಲ್ಲಿ ಹಾಡಲು ನ್ಯೂಯಾರ್ಕ್ ಪೊಲೀಸರು ಕೊಡುತ್ತಿದ್ದ ಪರವಾನಿಗೆ ಅವರಿಗೆ ಮತ್ತೆ ಸಿಗಲಿಲ್ಲ. ಜಾಝ್ ಗಾಯಕಿಗೆ ಅದು ಅನ್ನ ಕಸಿದಂತೆ. ಈ ಬೇಟೆಗೆ ಹಾಡೇ ಕಾರಣ ಎಂದು ಕೆಲವರು ಬರೆದಿದ್ದಾರೆ, ಚಟವೇ ಕಾರಣ ಎಂದು ಇನ್ನು ಕೆಲವರು. ಅದೇ ಚಟವಿದ್ದ ಬಿಳಿಯ ತಾರೆಯರ ಬಗ್ಗೆ ಅದೇ ಇಲಾಖೆ ಮೃದುವಾಗಿತ್ತು ಎಂಬುದನ್ನಂತೂ ಗಮನಿಸಲೇಬೇಕು. 1959ರ ಜುಲೈ 17ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಸ್ಪತ್ರೆಯಲ್ಲಿ ಬಿಲ್ಲಿ ಹಾಲಿಡೇ ತೀರಿಕೊಂಡರು. ಆಗ ಅವರಿಗೆ ನಲವತ್ತನಾಲ್ಕು ವರ್ಷ. ಸಾವಿನ ಹಾಸಿಗೆಯಲ್ಲಿದ್ದಾಗಲೇ ಅವರನ್ನು ಮತ್ತೊಮ್ಮೆ ಬಂಧಿಸಿ, ಕೋಣೆಯ ಬಾಗಿಲಿಗೆ ಪೊಲೀಸ್ ಕಾವಲು ಹಾಕಲಾಗಿತ್ತು.

ಕೀರ್ತಿಯ ವಿಚಾರದಲ್ಲಿ ಇಬ್ಬರ ನಡುವೆ ಒಂದು ಜಗಳವೂ ಉಳಿಯಿತು. 1956ರಲ್ಲಿ ಬಂದ ಬಿಲ್ಲಿಯ ಆತ್ಮಕಥೆಯಲ್ಲಿ ರಾಗ ಸಂಯೋಜನೆಯಲ್ಲಿ ತನ್ನದೂ ಪಾಲಿದೆ ಎಂಬಂತೆ ಹೇಳಲಾಗಿತ್ತು. ಪದವೂ ರಾಗವೂ ತನ್ನವೇ ಎಂದು ಮೀರೊಪೋಲ್ ಪ್ರತಿಭಟಿಸಿದರು. ದಾಖಲೆ ಮೀರೊಪೋಲರ ಪರವಾಗಿದೆ. ಆದರೆ ಆ ಹಾಡಿಗೆ ದೇಹವನ್ನೂ ಉಸಿರನ್ನೂ ಕೊಟ್ಟವರು ಯಾರೆಂದು ಕೇಳಿದರೆ ಉತ್ತರ ಬಿಲ್ಲಿಯ ಪರವಾಗಿದೆ. ಯಹೂದಿ ಮಾಸ್ತರನೊಬ್ಬ ಬರೆದದ್ದನ್ನು ಕರಿಯ ಹೆಣ್ಣುಮಗಳೊಬ್ಬಳು ತನ್ನದಾಗಿಸಿಕೊಂಡಳು ಎಂಬಲ್ಲೇ ಈ ಹಾಡಿನ ಬಲವಿದೆ.

ಆಮೇಲೆ ಏನಾಯಿತು?

ಬಿಲ್ಲಿಯ ನಂತರ ಈ ಹಾಡನ್ನು ಹಾಡಲು ಅನೇಕರು ಅಂಜಿದರು. ಹಾಡಿದವರಲ್ಲಿ ಜಾಶ್ ವೈಟ್ ಮುಖ್ಯರು. 1965ರಲ್ಲಿ ನೀನಾ ಸಿಮೋನ್ ಪಿಯಾನೊವನ್ನಷ್ಟೇ ಜೊತೆಗಿಟ್ಟುಕೊಂಡು ಹಾಡಿದ ಮುದ್ರಣ ನಾಗರಿಕ ಹಕ್ಕುಗಳ ಚಳವಳಿಯ ಕಾವಿನಲ್ಲಿ ಹಾಡಿಗೆ ಎರಡನೇ ಜನ್ಮ ಕೊಟ್ಟಿತು. 1990ರ ದಶಕದಲ್ಲಿ ಕಸಾಂಡ್ರಾ ವಿಲ್ಸನ್ ಹಾಡಿದರು. 2013ರಲ್ಲಿ ಕಾನ್ಯೆ ವೆಸ್ಟ್ ತನ್ನ ರ್‍ಯಾಪ್ ಹಾಡೊಂದಕ್ಕೆ ಸಿಮೋನ್ ದನಿಯನ್ನು ಬಳಸಿಕೊಂಡದ್ದು ಚರ್ಚೆಗೆ ಎಡೆಮಾಡಿತು. ಒಂದು ಕಾಲಕ್ಕೆ ಇದನ್ನು ಪ್ರಚಾರ ಎಂದು ಕರೆದಿದ್ದ 'ಟೈಮ್' ಪತ್ರಿಕೆಯೇ 1999ರಲ್ಲಿ ಇದನ್ನು ಶತಮಾನದ ಹಾಡು ಎಂದು ಆಯ್ಕೆ ಮಾಡಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂರಕ್ಷಿಸಬೇಕಾದ ಧ್ವನಿಮುದ್ರಣಗಳ ಮೊದಲ ಪಟ್ಟಿಯಲ್ಲೇ ಇದನ್ನು ಸೇರಿಸಿತು.

ಪತ್ರಿಕೆ ಮನಸ್ಸು ಬದಲಿಸಲು ಅರವತ್ತು ವರ್ಷ ಬೇಕಾಯಿತು. ಕಾನೂನಿಗೆ ಅದಕ್ಕಿಂತಲೂ ಹೆಚ್ಚು ಕಾಲ ಹಿಡಿಯಿತು. ಲಿಂಚಿಂಗ್ ವಿರುದ್ಧ ಕೇಂದ್ರ ಕಾನೂನು ಬೇಕೆಂದು ಜಾರ್ಜ್ ಹೆನ್ರಿ ವೈಟ್ ಎಂಬ ಕರಿಯ ಸಂಸದ ಮೊದಲ ಮಸೂದೆ ಮಂಡಿಸಿದ್ದು 1900ರಲ್ಲಿ. 1922ರಲ್ಲಿ ಕೆಳಮನೆ ಒಂದು ಮಸೂದೆಯನ್ನು ಅಂಗೀಕರಿಸಿತು. ದಕ್ಷಿಣದ ಸೆನೆಟರುಗಳು ಕೊನೆಯಿಲ್ಲದ ಭಾಷಣಗಳ ತಂತ್ರದಿಂದ ಅದನ್ನು ಮುಳುಗಿಸಿದರು. 1938ರಲ್ಲಿ ಮತ್ತೆ ಅದೇ ಕಥೆ. ದಕ್ಷಿಣದ ಬೆಂಬಲ ಕಳೆದುಕೊಳ್ಳುವ ಭಯದಿಂದ ಅಧ್ಯಕ್ಷ ರೂಸ್‌ವೆಲ್ಟ್ ಅದರ ಬೆನ್ನಿಗೆ ನಿಲ್ಲಲಿಲ್ಲ. ಬಿಲ್ಲಿ ಹಾಡಲು ನಿಂತದ್ದು ಇದರ ಮರುವರ್ಷವೇ. ಕೊನೆಗೆ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ, 1955ರಲ್ಲಿ ಕೊಲ್ಲಲ್ಪಟ್ಟ ಬಾಲಕನ ಹೆಸರಿನಲ್ಲಿ ಕಾನೂನು ಜಾರಿಗೆ ಬಂದದ್ದು 2022ರ ಮಾರ್ಚ್ 29ರಂದು. ಮೊದಲ ಮಸೂದೆಯಿಂದ 122 ವರ್ಷ, ಹಾಡು ಮುದ್ರಣವಾದಂದಿನಿಂದ 83 ವರ್ಷ.

ಈ ನಡುವೆ 2005ರ ಜೂನ್ 13ರಂದು ಸೆನೆಟ್ ತಾನು ಕಾನೂನು ಮಾಡದೆ ಹೋದದ್ದಕ್ಕೆ ಕ್ಷಮೆ ಕೇಳಿತು. ಆ ದಿನ ಅಲ್ಲಿ ತೊಂಬತ್ತೊಂದು ವರ್ಷದ ಒಬ್ಬ ಮುದುಕರು ಗಾಲಿಕುರ್ಚಿಯಲ್ಲಿ ಕುಳಿತಿದ್ದರು. ಅವರೇ ಮ್ಯಾರಿಯನ್ನಿನ ಮರದಿಂದ ಬದುಕಿ ಬಂದ ಜೇಮ್ಸ್ ಕ್ಯಾಮರೂನ್. ನಾಲ್ಕು ವರ್ಷ ಜೈಲಿನಲ್ಲಿ ಕಳೆದು ಹೊರಬಂದ ಅವರು ಬದುಕಿಡೀ ಈ ಕಥೆಯನ್ನು ಹೇಳುತ್ತ ಬಂದಿದ್ದರು. 1988ರಲ್ಲಿ ಮಿಲ್ವಾಕಿ ನಗರದಲ್ಲಿ ಕರಿಯರ ನರಮೇಧದ ನೆನಪಿಗಾಗಿ ಒಂದು ವಸ್ತುಸಂಗ್ರಹಾಲಯ ತೆರೆದಿದ್ದರು. 1993ರಲ್ಲಿ ಇಂಡಿಯಾನಾ ರಾಜ್ಯ ಅವರಿಗೆ ಕ್ಷಮಾದಾನ ನೀಡಿತ್ತು. ಕ್ಷಮೆ ಕೇಳಬೇಕಾಗಿದ್ದವರೇ ಕ್ಷಮಾದಾನ ನೀಡಿದ ವಿಚಿತ್ರವಿದು! ಮರುವರ್ಷ, 2006ರಲ್ಲಿ, ಅವರು ತೀರಿಕೊಂಡರು. 2018ರಲ್ಲಿ ಅಲಬಾಮಾದ ಮಾಂಟ್‌ಗಮರಿಯಲ್ಲಿ ಲಿಂಚಿಂಗ್‌ಗೆ ಬಲಿಯಾದವರ ರಾಷ್ಟ್ರೀಯ ಸ್ಮಾರಕ ತೆರೆಯಿತು. ಅಲ್ಲಿ ಒಂದೊಂದು ಜಿಲ್ಲೆಗೆ ಒಂದರಂತೆ ಎಂಟುನೂರಕ್ಕೂ ಹೆಚ್ಚು ಉಕ್ಕಿನ ಕಂಬಗಳಿವೆ, ಬಲಿಯಾದವರ ಹೆಸರುಗಳನ್ನು ಅವುಗಳ ಮೇಲೆ ಕೊರೆಯಲಾಗಿದೆ. ಒಳಗೆ ನಡೆದಂತೆ ನೆಲ ಇಳಿಯುತ್ತದೆ, ಕಂಬಗಳು ತಲೆಯ ಮೇಲೆ ತೂಗತೊಡಗುತ್ತವೆ.

ಲಿಂಚಿಂಗ್ ಎಂಬ ಪದ ಈಗ ಕನ್ನಡ ಪತ್ರಿಕೆಗಳ ಓದುಗರಿಗೂ ಹೊಸದಲ್ಲ. ಬಿಲ್ಲಿ ತೀರಿಕೊಂಡ ದಿನಾಂಕವೇ ಆದ ಜುಲೈ 17ರಂದು, 2018ರಲ್ಲಿ, ನಮ್ಮ ಸುಪ್ರೀಂ ಕೋರ್ಟು ಗುಂಪು ಹತ್ಯೆಯ ವಿರುದ್ಧ ಪ್ರತ್ಯೇಕ ಕಾನೂನು ರೂಪಿಸುವಂತೆ ಸಂಸತ್ತಿಗೆ ಶಿಫಾರಸು ಮಾಡಿತು. ಗುಂಪು ಹತ್ಯೆಗಳ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ್ದನ್ನು ಕಂಡ ನಮಗೆ ಬೈಟ್ಲರ್ ಮಾರಿದ ಐವತ್ತು ಸೆಂಟಿನ ಚಿತ್ರ ತೀರಾ ಅಪರಿಚಿತವಾಗಿ ಕಾಣಲಾರದು.

ಒಂದು ಹಾಡು ಏನು ಮಾಡಬಲ್ಲದು ಎಂದು ಕೇಳುವವರಿದ್ದಾರೆ. 'ಸ್ಟ್ರೇಂಜ್ ಫ್ರೂಟ್' ಒಂದು ಕೊಲೆಯನ್ನೂ ತಡೆಯಲಿಲ್ಲ, ಒಬ್ಬ ಕೊಲೆಗಾರನನ್ನೂ ಜೈಲಿಗೆ ಕಳುಹಿಸಲಿಲ್ಲ ಎಂಬುದು ನಿಜ. ಕಾನೂನು ಬರುವುದಕ್ಕೆ ಸಂಘಟನೆಗಳು, ವಕೀಲರು, ಪತ್ರಕರ್ತರು ತಲೆಮಾರುಗಳ ಕಾಲ ದುಡಿಯಬೇಕಾಯಿತು. ಆದರೆ ಕಾನೂನು ಇಲ್ಲದ ಆ ಎಂಬತ್ತಮೂರು ವರ್ಷ, ನಡೆದದ್ದು ನಡೆದಿದೆ ಎಂದು ಹೇಳುತ್ತ ಉಳಿದದ್ದು ಈ ಹಾಡು. ಗುಂಪಿನಲ್ಲಿ ನಿಂತು ನೋಡಿದವರು ತಾವು ನೋಡಿಯೇ ಇಲ್ಲವೆಂದು ನ್ಯಾಯಾಲಯದಲ್ಲಿ ಹೇಳಿದರು. ಅಲ್ಲಿ ಇರದೇ ಇದ್ದ ಮಾಸ್ತರನೂ ಗಾಯಕಿಯೂ ಅವರ ಬದಲಿಗೆ ಸಾಕ್ಷಿ ಹೇಳಿದರು.